ಕೇಳದೆ ಬಾರದ ಬಿಲ್

ಸಿಹಿಯ ಬಟ್ಟಲುಗಳನ್ನು ಎತ್ತಿಕೊಂಡು ಹೋಗಿ ಅರ್ಧ ಗಂಟೆಯಾಗಿತ್ತು. ಕಾಫಿಯ ಪುಟ್ಟ ಲೋಟದ ತಳದಲ್ಲಿ ಕಂದು ಗೆರೆಯೊಂದು ಒಣಗಿ ಅಂಟಿಕೊಂಡಿತ್ತು. ಬಡಿಸುವವರು ನಮ್ಮ ಮೇಜಿನ ಪಕ್ಕದಲ್ಲೇ ಐದಾರು ಸಲ ಹಾದುಹೋದರು, ಒಮ್ಮೆ ನನ್ನತ್ತ ನೋಡಿ ಮುಗುಳ್ನಕ್ಕರು. ಬಿಲ್ ಮಾತ್ರ ಬರಲಿಲ್ಲ. ನನ್ನೊಳಗೆ ಸಣ್ಣಗೆ ಸಿಟ್ಟು ಏಳತೊಡಗಿತು. ಇಷ್ಟು ಹೊತ್ತು ಅಷ್ಟು ಅಕ್ಕರೆಯಿಂದ ನೋಡಿಕೊಂಡವರು ಈಗ ನಮ್ಮನ್ನು ಮರೆತೇಬಿಟ್ಟರೆ?

"ಮರೆತಿಲ್ಲ ಅಕ್ಕ," ಎಂದಳು ತಂಗಿ. "ನಾವು ಕೇಳದೆ ತಂದಿಟ್ಟರೆ ಎದ್ದು ಹೋಗಿ ಎಂದ ಹಾಗಾಗುತ್ತದೆ. ಆ ಮಾತು ಇವರ ಬಾಯಲ್ಲಿ ಬರುವುದಿಲ್ಲ."

ಅವಳು ಕೆಲಸಕ್ಕೆಂದು ಪ್ಯಾರಿಸ್ಸಿಗೆ ಹೋಗಿ ನಾಲ್ಕು ವರ್ಷ. ಅಲ್ಲಿನ ನಡೆನುಡಿ ಅವಳಿಗೆ ಮೈಗೂಡಿದೆ. ಅವಳ ಆ ಒಂದು ಮಾತಿನಿಂದ ನನ್ನ ಸಿಟ್ಟು ಇಳಿಯಿತು ಎನ್ನುವುದಕ್ಕಿಂತ, ಆ ಸಂಜೆಯ ಮೂರು ಗಂಟೆಗಳನ್ನು ಮೊದಲಿನಿಂದ ಮತ್ತೆ ನೋಡಬೇಕೆನಿಸಿತು. ಏಳೂವರೆಗೆ ಒಳಗೆ ಕಾಲಿಟ್ಟಿದ್ದೆವು, ಈಗ ಹತ್ತೂವರೆ. ಅಷ್ಟು ಹೊತ್ತಿನಲ್ಲಿ ನಮ್ಮನ್ನು ಒಬ್ಬರೂ ಅವಸರಪಡಿಸಿರಲಿಲ್ಲ, ಒಂದು ತಟ್ಟೆಯೂ ತಡವಾಗಿ ಬಂದಿರಲಿಲ್ಲ. ಇವೆರಡೂ ಒಟ್ಟಿಗೆ ನಡೆಯಬೇಕಾದರೆ ಹಿಂದೆ ಯಾರೋ ಬಹಳ ಕಟ್ಟುನಿಟ್ಟಾಗಿ ದುಡಿಯುತ್ತಿರಬೇಕಲ್ಲವೇ ಎಂಬ ಯೋಚನೆ ಅಲ್ಲಿ ಕುಳಿತೇ ಹುಟ್ಟಿದ್ದು.

ಊರಿನ ಹನ್ನೊಂದನೆಯ ವಾರ್ಡಿನ ಅಡ್ಡರಸ್ತೆಯೊಂದರಲ್ಲಿದ್ದ ಬಿಸ್ಟ್ರೊ, ಅಂದರೆ ಸಣ್ಣ ಊಟದ ಮನೆ ಅದು. ವಾರ್ಡಿಗೆ ಅಲ್ಲಿನವರು ಆರೊಂದಿಸ್ಮಾಂ ಎನ್ನುತ್ತಾರೆ. ಮಾರ್ಚ್ ಕೊನೆಯ ವಾರ, ಹೊರಗೆ ಇನ್ನೂ ಚಳಿ. ಒಳಗೆ ಹೆಚ್ಚೆಂದರೆ ಮೂವತ್ತು ಮಂದಿ ಕೂರಬಹುದು. ಗೋಡೆಯುದ್ದಕ್ಕೂ ಕಡುಗೆಂಪು ಬಣ್ಣದ ಮೆತ್ತೆಯ ಬೆಂಚು, ಅದರ ಮುಂದೆ ಸಾಲಾಗಿ ಪುಟ್ಟ ಮೇಜುಗಳು. ಎರಡು ಮೇಜುಗಳ ನಡುವೆ ಅಂಗೈ ಅಗಲದಷ್ಟೇ ಜಾಗ. ಬೆಂಚಿನ ಕಡೆ ಕೂರಬೇಕಾದವರಿಗಾಗಿ ಬಡಿಸುವವರು ಮೇಜನ್ನೇ ಹೊರಗೆಳೆದು, ಅವರು ಕುಳಿತ ಮೇಲೆ ಮತ್ತೆ ಒಳಕ್ಕೆ ಸರಿಸುತ್ತಾರೆ. ಮೇಜಿನ ಮೇಲೆ ಬಟ್ಟೆಯಿರಲಿಲ್ಲ, ಬರಿಯ ಮರ. ಕೈ ಒರೆಸಲು ಕೊಟ್ಟದ್ದು ಮಾತ್ರ ದಪ್ಪನೆಯ, ಇಸ್ತ್ರಿ ಮಾಡಿದ ಹತ್ತಿಬಟ್ಟೆ. ಲೋಟಗಳು ತೆಳುವಾಗಿ, ಒಂದು ಬೆರಳಚ್ಚೂ ಇಲ್ಲದೆ ಹೊಳೆಯುತ್ತಿದ್ದವು. ದುಡ್ಡನ್ನು ಎಲ್ಲಿ ಸುರಿಯಬೇಕು, ಎಲ್ಲಿ ಬೇಡ ಎಂದು ಯಾರೋ ಚೆನ್ನಾಗಿ ಯೋಚಿಸಿದ್ದಾರೆ ಎಂಬುದು ಕುಳಿತ ಐದು ನಿಮಿಷದಲ್ಲೇ ತಿಳಿಯುತ್ತದೆ.

ಬಿಸ್ಟ್ರೊ ಎಂಬ ಪದಕ್ಕೊಂದು ಹೆಸರಾಂತ ಕಥೆಯಿದೆ. 1814ರಲ್ಲಿ ನೆಪೋಲಿಯನ್ ಸೋತು, ರಷ್ಯಾದ ಸೈನಿಕರು ಪ್ಯಾರಿಸ್ಸಿಗೆ ನುಗ್ಗಿದಾಗ, ಮೊಂಮಾರ್ತ್ರ್ ಗುಡ್ಡದ ಹೋಟೆಲುಗಳಲ್ಲಿ 'ಬಿಸ್ತ್ರ, ಬಿಸ್ತ್ರ' ಎಂದು ಕೂಗುತ್ತಿದ್ದರಂತೆ. ರಷ್ಯನ್ನಿನಲ್ಲಿ ಬೇಗ ಬೇಗ ಎಂದರ್ಥ. ಆ ಗುಡ್ಡದ ಮೇಲೆ ಈ ಕಥೆಯನ್ನು ಬರೆದ ಫಲಕವೂ ಇದೆ. ಕೇಳಲು ಸೊಗಸು. ಆದರೆ ಫ್ರೆಂಚ್ ಬರಹದಲ್ಲಿ ಈ ಪದ ಕಾಣಿಸಿಕೊಳ್ಳುವುದು 1880ರ ದಶಕದಲ್ಲಿ. ನಡುವೆ ಎಪ್ಪತ್ತು ವರ್ಷ ಅದು ಎಲ್ಲಿ ಅಡಗಿತ್ತು ಎಂದು ಭಾಷಾಪಂಡಿತರು ಕೇಳುತ್ತಾರೆ, ಅದು ಸರಿಯಾದ ಪ್ರಶ್ನೆ. ನನಗಂತೂ ಈ ಕಥೆಗಿಂತ ಇದ್ದಿಲು ಮಾರುವವರ ಚರಿತ್ರೆಯೇ ಹೆಚ್ಚು ಹಿಡಿಸಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ನಡುಭಾಗದ ಒವೆರ್ನ್ಯ್ ಬೆಟ್ಟಸೀಮೆಯ ಬಡವರು ಕೆಲಸ ಹುಡುಕಿಕೊಂಡು ಪ್ಯಾರಿಸ್ಸಿಗೆ ಬಂದರು. ಮೊದಮೊದಲು ಮನೆಮನೆಗೆ ನೀರು ಹೊತ್ತರು, ಆಮೇಲೆ ಸೌದೆ, ಇದ್ದಿಲು ಮಾರಿದರು. ಅವರನ್ನು ಊರಿನವರು ಬೂಗ್ನಾ ಎಂದು ಕರೆಯುತ್ತಿದ್ದರು. ಇದ್ದಿಲಿಗೆಂದು ಬಂದ ಗಿರಾಕಿ ನಿಂತು ಒಂದು ಲೋಟ ವೈನ್ ಕುಡಿಯಲೆಂದು ಅಂಗಡಿಯ ಮೂಲೆಯಲ್ಲೊಂದು ಕಟ್ಟೆ ಬಂತು. ಒಲೆಯ ಮೇಲೆ ಹೇಗೂ ಮನೆಮಂದಿಗೆಂದು ಪಾತ್ರೆ ಕುದಿಯುತ್ತಿರುತ್ತದೆ, ಅದರಲ್ಲೇ ಇನ್ನೊಂದು ತಟ್ಟೆ ಬಡಿಸಿದರಾಯಿತು. 'ವೈನ್ ಮತ್ತು ಇದ್ದಿಲು' ಎಂದು ಹಲಗೆ ಹೊತ್ತ ಆ ಅಂಗಡಿಗಳು ಮುಂದೆ ಪ್ಯಾರಿಸ್ಸಿನ ಎಷ್ಟೋ ಬಿಸ್ಟ್ರೊಗಳಿಗೆ ತಾಯಿಬೇರಾದವು.

ಅಂದರೆ ಇದು ಹುಟ್ಟಿನಿಂದಲೇ ಮನೆಯೂಟಕ್ಕೆ ಹತ್ತಿರವಾದದ್ದು. ಅರಮನೆಯಂಥ ಹೋಟೆಲುಗಳ ಅಡುಗೆಯ ವಂಶವೇ ಬೇರೆ. ಆ ಎರಡೂ ವಂಶಗಳು ಒಂದೇ ಮೇಜಿಗೆ ಬಂದ ಕಥೆ ತೀರ ಹಳೆಯದೇನೂ ಅಲ್ಲ. ಪ್ಯಾರಿಸ್ಸಿನ ಕ್ರಿಯೊಂ ಎಂಬ ಐಷಾರಾಮಿ ಹೋಟೆಲಿನಲ್ಲಿ ಮುಖ್ಯ ಬಾಣಸಿಗ ಕ್ರಿಸ್ತಿಯಾಂ ಕೊಂಸ್ತಾಂ ಅವರ ಕೈಕೆಳಗೆ ಪಳಗಿದ್ದ ಇವ್ ಕಾಂದ್‌ಬೋರ್ಡ್ 1992ರಲ್ಲಿ ಆ ನೌಕರಿ ಬಿಟ್ಟು, ಹದಿನಾಲ್ಕನೆಯ ವಾರ್ಡಿನ ಅಂಚಿನಲ್ಲಿ ಲಾ ರೆಗಾಲಾದ್ ಎಂಬ ಸಣ್ಣ ಬಿಸ್ಟ್ರೊ ಶುರುಮಾಡಿದರು. ಅರಮನೆಯ ಅಡುಗೆಮನೆಯಲ್ಲಿ ಕಲಿತ ಕೈ, ಆದರೆ ಸಾಧಾರಣ ತರಕಾರಿ, ಅಗ್ಗದ ಮಾಂಸದ ತುಂಡುಗಳು, ಗೊತ್ತುಪಡಿಸಿದ ಒಂದೇ ಬೆಲೆ. ಅವರ ಓರಗೆಯ ಹಲವರು ಅದೇ ದಾರಿ ಹಿಡಿದರು. 2004ರಲ್ಲಿ ಆಹಾರ ಪತ್ರಕರ್ತ ಸೆಬಾಸ್ತಿಯಾಂ ದೆಮೊರಾಂ ಇದಕ್ಕೆ 'ಬಿಸ್ಟ್ರೊನೊಮಿ' ಎಂದು ಹೆಸರಿಟ್ಟರು. ಹೆಸರು ಬರುವ ಹೊತ್ತಿಗೆ ಆ ಬಗೆಯ ಊಟಕ್ಕೆ ಹನ್ನೆರಡು ವರ್ಷ ತುಂಬಿತ್ತು. ನಾವು ಅಂದು ಕುಳಿತಿದ್ದ ಜಾಗವೂ ಇದೇ ಬಳ್ಳಿಯ ಕಾಯಿ.

ಊಟದ ಪಟ್ಟಿ ಎಂದು ಕೈಗೆ ಕೊಡುವ ಪುಸ್ತಕವಿರಲಿಲ್ಲ. ಸೀಮೆಸುಣ್ಣದಲ್ಲಿ ಬರೆದ ಕರಿಹಲಗೆಯನ್ನು ಬಡಿಸುವವರು ಹೊತ್ತು ತಂದು ನಮ್ಮ ಎದುರಿನ ಕುರ್ಚಿಯ ಮೇಲೆ ನಿಲ್ಲಿಸಿದರು. ಮೊದಲ ತಿನಿಸುಗಳು ನಾಲ್ಕು, ಮುಖ್ಯ ಊಟ ನಾಲ್ಕು, ಸಿಹಿ ಮೂರು. ಫ್ರಾನ್ಸಿನಲ್ಲಿ ಆಂತ್ರೆ ಎಂದರೆ ಮೊದಲು ಬರುವ ತಿನಿಸು, ಪ್ಲಾ ಎಂದರೆ ನಡುವಿನ ದೊಡ್ಡ ಊಟ. ಅಮೆರಿಕದಲ್ಲಿ ಅದೇ ಆಂತ್ರೆಯನ್ನು ಮುಖ್ಯ ಊಟಕ್ಕೆ ಬಳಸುವುದರಿಂದ ಹೊರಗಿನಿಂದ ಬಂದವರು ಇಲ್ಲಿ ಗಲಿಬಿಲಿಗೊಳ್ಳುವುದುಂಟು. ಹನ್ನೊಂದೇ ಸಾಲಿನ ಪಟ್ಟಿ ನೋಡಿದಾಗ ಇಷ್ಟೇಯೇ ಎನಿಸಬಹುದು. ಆದರೆ ಮೂವರೇ ಇರುವ ಅಡುಗೆಮನೆ ಹನ್ನೊಂದನ್ನು ದಿನವೂ ಹೊಸದಾಗಿ ಮಾಡಬಲ್ಲದು, ಎಂಬತ್ತನ್ನು ಮಾಡಲಾರದು. ಪಟ್ಟಿ ಉದ್ದವಾದಷ್ಟೂ ಫ್ರೀಜರಿನ ಬಾಗಿಲು ಹೆಚ್ಚು ತೆರೆಯುತ್ತದೆ ಎಂಬ ತಂಗಿಯ ಮಾತನ್ನು ನಾನು ಈಗ ಎಲ್ಲಿ ಹೋದರೂ ನೆನೆಯುತ್ತೇನೆ.

ನಾನು ಮಾಂಸ, ಮೀನು ತಿನ್ನುವುದಿಲ್ಲ, ಮೊಟ್ಟೆ ತಿನ್ನುತ್ತೇನೆ. ಹಾಗೆಂದು ಹೇಳಿದಾಗ ಅವರ ಮುಖದಲ್ಲಿ ಬೇಸರ ಕಾಣಬಹುದೆಂದು ಅಂಜಿದ್ದೆ. ಬೇಸರ ಕಾಣಲಿಲ್ಲ, ಒಂದು ರೀತಿಯ ಗಂಭೀರತೆ ಕಂಡಿತು. ಈರುಳ್ಳಿ ಸೂಪ್ ಬೇಡ, ಅದರ ಸಾರು ದನದ ಮೂಳೆಯದು ಎಂದರು. ಬೇಳೆಯಂಥ ಹಸಿರು ಪುಯ್ ಲೆಂಟಿಲ್ ಬೇಡ, ಅದು ಹಂದಿಮಾಂಸದ ತುಣುಕುಗಳೊಂದಿಗೆ ಬೆಂದದ್ದು. ಆಲೂಗಡ್ಡೆಯ ಬಿಲ್ಲೆಗಳನ್ನು ಓವನ್ನಿನಲ್ಲಿ ಬೇಯಿಸಿದ ಗ್ರಾತಾಂ ಬಗ್ಗೆ ಕೇಳಿದಾಗ ಒಂದು ಕ್ಷಣ ನಿಂತರು. ಅವರಿಗೆ ಗೊತ್ತಿದ್ದಂತೆಯೇ ಇತ್ತು, ಆದರೂ ಒಳಗೆ ಹೋಗಿ ಕೇಳಿಕೊಂಡು ಬಂದರು: ಹಾಲು, ಕೆನೆ, ಬೆಳ್ಳುಳ್ಳಿ, ಜಾಯಿಕಾಯಿ, ಉಪ್ಪು, ಅಷ್ಟೇ. ಹಾಗಾದರೆ ಗ್ರಾತಾಂ ಜೊತೆಗೆ ಬೆಣ್ಣೆಯಲ್ಲಿ ಹುರಿದ ಗಜ್ಜರಿ ಮತ್ತು ಹಸಿರು ಸೊಪ್ಪಿನ ತಟ್ಟೆಯೊಂದನ್ನು ಮಾಡಿಕೊಡುತ್ತೇವೆ ಎಂದು ತಾವೇ ಸೂಚಿಸಿದರು. ಹಲಗೆಯ ಮೇಲೆ ಅದು ಇರಲಿಲ್ಲ. ಅಂದಾಜಿನ ಮೇಲೆ 'ಪರವಾಗಿಲ್ಲ, ತಿನ್ನಿ' ಎಂದುಬಿಡುವ ಜಾಗಗಳಲ್ಲಿ ನಾನು ಸಾಕಷ್ಟು ಸಲ ನೊಂದಿದ್ದೇನೆ. ಆದ್ದರಿಂದ ಆ ಒಂದು ನಿಮಿಷದ ಓಡಾಟಕ್ಕೆ ನನ್ನ ಲೆಕ್ಕದಲ್ಲಿ ಬಹಳ ಬೆಲೆ.

ಮೊದಲು ಬಂದದ್ದು ಮೊಟ್ಟೆ ಮತ್ತು ಮಯೊನೀಸ್. ಪ್ಯಾರಿಸ್ಸಿಗರು ಅಫ್ ಮಾಯೊ ಎನ್ನುವ ಇದು ಪಟ್ಟಿಯಲ್ಲಿ ಎಲ್ಲಕ್ಕಿಂತ ಬಡ ತಿನಿಸು. ಬೇಯಿಸಿದ ಮೊಟ್ಟೆ, ಮೇಲೊಂದು ಸಾಸ್, ಮುಗಿಯಿತು. ಕ್ಲೋದ್ ಲೆಬೆ ಎಂಬ ಆಹಾರ ವಿಮರ್ಶಕರು ಇದರ ಉಳಿವಿಗಾಗಿಯೇ ಒಂದು ಸಂಘ ಕಟ್ಟಿದ್ದರು ಎಂದು ಕೇಳಿದಾಗ ಒಂದು ಮೊಟ್ಟೆಗೆ ಇಷ್ಟೇಕೆ ಎಂದುಕೊಂಡಿದ್ದೆ. ತಟ್ಟೆ ಮುಂದೆ ಬಂದಾಗ ಉತ್ತರವೂ ಅದರಲ್ಲೇ ಇತ್ತು. ಎರಡು ಹೋಳು ಮೊಟ್ಟೆ, ಕತ್ತರಿಸಿದ ಮೈ ಕೆಳಮುಖವಾಗಿ. ಅವುಗಳ ಬೆನ್ನಿನ ಮೇಲೆ ಮಯೊನೀಸ್ ಒಂದೇ ದಪ್ಪದಲ್ಲಿ ಹೊದಿಕೆಯಂತೆ ಹರಡಿ, ತಟ್ಟೆಗೆ ತಾಗುವ ಅಂಚಿನಲ್ಲಿ ಸುರುಟಿ ನಿಂತಿತ್ತು. ಹರಿದೂ ಹೋಗಿರಲಿಲ್ಲ, ಮುದ್ದೆಯಾಗಿಯೂ ಕೂತಿರಲಿಲ್ಲ. ಫೋರ್ಕ್ ಒತ್ತಿದಾಗ ಬಿಳಿಭಾಗ ಗಟ್ಟಿ, ಹಳದಿಯ ನಡುವಿನಲ್ಲಿ ಮಾತ್ರ ಇನ್ನೂ ಜೇನಿನಂತಹ ಮಿದು. ಅದರ ಸುತ್ತ ಬೂದುಹಸಿರು ಗೆರೆಯಿಲ್ಲ. ಮೊಟ್ಟೆ ಹೆಚ್ಚು ಬೆಂದರೆ ತಪ್ಪದೆ ಬರುವ ಗೆರೆ ಅದು.

ಮಯೊನೀಸ್ ಎಂದರೆ ಮೂಲದಲ್ಲಿ ಒಂದು ಅಸಾಧ್ಯವನ್ನು ಸಾಧಿಸುವುದು. ಎಣ್ಣೆ ನೀರು ಒಂದಾಗವು. ಹಳದಿಯಲ್ಲಿರುವ ಲೆಸಿಥಿನ್ ಎಂಬ ವಸ್ತು ಒಂದು ಕೈಯಲ್ಲಿ ನೀರನ್ನೂ ಇನ್ನೊಂದು ಕೈಯಲ್ಲಿ ಎಣ್ಣೆಯನ್ನೂ ಹಿಡಿದುಕೊಳ್ಳುತ್ತದೆ, ಸಾಸಿವೆ ಅದಕ್ಕೆ ನೆರವಾಗುತ್ತದೆ. ಎಣ್ಣೆಯನ್ನು ಮೊದಲು ಹನಿಹನಿಯಾಗಿ, ಆಮೇಲೆ ನೂಲಿನಂತೆ ಬಿಡುತ್ತಾ ಕೈನಿಲ್ಲಿಸದೆ ಕಡೆಯಬೇಕು. ಒಂದೇ ಒಂದು ಸಲ ಆತುರಪಟ್ಟು ಸುರಿದರೆ ಒಡೆದು ನೀರು ನೀರು. ಈ ತಿನಿಸಿನಲ್ಲಿ ಅಡಗಿಸಿಡಲು ಜಾಗವೇ ಇಲ್ಲ. ಮಸಾಲೆಯ ಮರೆ ಇಲ್ಲ, ಅಲಂಕಾರದ ಮರೆ ಇಲ್ಲ. ಮಾಡಿದವರ ಗಮನ ಒಂದು ನಿಮಿಷ ಎಲ್ಲಿ ತಪ್ಪಿತು ಎಂಬುದು ತಟ್ಟೆಯಲ್ಲಿ ಬರೆದಿಟ್ಟಂತೆ ಕಾಣುತ್ತದೆ. ದೊಡ್ಡ ಹೋಟೆಲಿನಲ್ಲಿ ಹತ್ತು ವರ್ಷ ಪಳಗಿದ ಕೈ ಇಂಥ ಮೊಟ್ಟೆಯ ಮೇಲೆ ಬಿದ್ದಾಗ ಅದಕ್ಕೊಂದು ಘನತೆ ಬರುತ್ತದೆ. ಇಡೀ ಊಟದಲ್ಲಿ ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ಇದೇ.

ಜೊತೆಗೆ ಹಂಚಿಕೊಳ್ಳಲೆಂದು ಲೀಕ್ ತರಿಸಿದ್ದೆವು. ಈರುಳ್ಳಿಯ ಬಳಗದ, ಉದ್ದನೆಯ ಬಿಳಿ ಕಾಂಡದ ತರಕಾರಿ ಅದು. ಇಡಿಯಾಗಿ ಬೇಯಿಸಿ, ನೀರು ಬಸಿದು, ತುಂಡರಿಸಿ, ಇನ್ನೂ ಬೆಚ್ಚಗಿರುವಾಗಲೇ ಸಾಸಿವೆ, ವಿನೆಗರ್, ಎಣ್ಣೆ ಬೆರೆತ ವಿನೆಗ್ರೆತ್ ಸುರಿದಿದ್ದರು. ಬಿಸಿಯಲ್ಲಿ ಅದು ಹುಳಿಯನ್ನು ಒಳಕ್ಕೆ ಹೀರಿಕೊಳ್ಳುತ್ತದೆ, ತಣ್ಣಗಾದ ಮೇಲೆ ಹಾಕಿದರೆ ಮೇಲೆಯೇ ನಿಲ್ಲುತ್ತದೆ. ಚಾಕು ಇಟ್ಟರೆ ಸಾಕು, ಪದರ ಪದರವಾಗಿ ಬಿಡುತ್ತಿತ್ತು. ಮಣ್ಣಿನ ಒಂದು ಕಣವೂ ಹಲ್ಲಿಗೆ ಸಿಗಲಿಲ್ಲ. ಲೀಕ್ ತೊಳೆದವರಿಗೆ ಗೊತ್ತು, ಅದರ ಪದರಗಳ ನಡುವಿನ ಮರಳನ್ನು ತೆಗೆಯುವುದು ಎಷ್ಟು ತಾಳ್ಮೆಯ ಕೆಲಸವೆಂದು.

ತಂಗಿಯ ತಟ್ಟೆಗೆ ಬಾತುಕೋಳಿಯ ಕಾನ್ಫಿ ಬಂತು. ತೊಡೆಯನ್ನು ಹಿಂದಿನ ದಿನವೇ ಉಪ್ಪು ಹಚ್ಚಿಟ್ಟು, ಅದರದೇ ಕೊಬ್ಬಿನಲ್ಲಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಶೀತಲ ಪೆಟ್ಟಿಗೆಗಳಿಲ್ಲದ ಕಾಲದಲ್ಲಿ ಮಾಂಸವನ್ನು ಚಳಿಗಾಲಕ್ಕೆ ಕೂಡಿಡುವ ಉಪಾಯವಾಗಿತ್ತು ಇದು. ಬಡಿಸುವ ಮುನ್ನ ಚರ್ಮವನ್ನು ಮಾತ್ರ ಗರಿಗರಿ ಮಾಡುತ್ತಾರೆ. ಅವಳು ಚಾಕು ಒತ್ತಿದಾಗ ಎದ್ದ ಸದ್ದು ನನಗೂ ಕೇಳಿಸಿತು. ನನ್ನ ಗ್ರಾತಾಂ ತಟ್ಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆಚ್ಚಿದ ಆಲೂಗಡ್ಡೆಯನ್ನು ತೊಳೆಯದೆ, ಅದರ ಪಿಷ್ಟದಿಂದಲೇ ಹಾಲನ್ನು ಗಟ್ಟಿಗೊಳಿಸುವ ಹಳೆಯ ರೀತಿ. ಈ ತಿನಿಸು ಹುಟ್ಟಿದ ದೋಫಿನೆ ಸೀಮೆಯ ಹಳೆಯ ಪಾಕದಲ್ಲಿ ಚೀಸ್ ಇರುವುದಿಲ್ಲ, ಇಲ್ಲಿಯೂ ಇರಲಿಲ್ಲ. ಗಜ್ಜರಿ ಒಂದಿಷ್ಟು ಹೆಚ್ಚು ಬೆಂದಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ.

ಈ ನಡುವೆ ಬಡಿಸುವವರ ಕೆಲಸವನ್ನು ಗಮನಿಸುತ್ತಿದ್ದೆ. ಇಬ್ಬರೇ ಇದ್ದರು. ನನ್ನ ತಟ್ಟೆ ಖಾಲಿಯಾಗಿ ಎಷ್ಟೋ ಹೊತ್ತಾದರೂ ಅದನ್ನು ಎತ್ತಲಿಲ್ಲ, ತಂಗಿ ಇನ್ನೂ ತಿನ್ನುತ್ತಿದ್ದಳು. ಒಬ್ಬರ ತಟ್ಟೆಯನ್ನು ಮೊದಲು ಎತ್ತಿದರೆ ಇನ್ನೊಬ್ಬರಿಗೆ ಬೇಗ ಮುಗಿಸಬೇಕೆಂಬ ಒತ್ತಡ ಬರುತ್ತದೆ. ಇಬ್ಬರೂ ಚಾಕು, ಫೋರ್ಕನ್ನು ತಟ್ಟೆಯ ಮೇಲೆ ಜೋಡಿಯಾಗಿ ಇಟ್ಟ ಮೇಲೆಯೇ ಅವರು ಬಂದರು. ಬಂದಾಗಲೂ ನಮ್ಮ ಮಾತು ಒಂದು ನಿಲುಗಡೆಗೆ ಬರಲೆಂದು ಕಾದರು. ಬ್ರೆಡ್ಡಿನ ಬುಟ್ಟಿ ಬರಿದಾದಾಗ ಕೇಳದೆಯೇ ತುಂಬಿತು. ನಲ್ಲಿ ನೀರಿನ ಹೂಜಿಯೂ ಹಾಗೆಯೇ. ಅದಕ್ಕೆ ದುಡ್ಡು ತೆಗೆದುಕೊಳ್ಳುವಂತಿಲ್ಲ, ಊಟಕ್ಕೆ ಬಂದವರಿಗೆ ಕುಡಿಯುವ ನೀರು ಉಚಿತವೆಂದು ಕಾನೂನೇ ಇದೆ. ಪಕ್ಕದ ಮೇಜಿನಲ್ಲಿ ವಯಸ್ಸಾದ ಮಹಿಳೆಯೊಬ್ಬರು ಒಬ್ಬರೇ ಕುಳಿತು, ಬ್ರೆಡ್ಡಿನ ತುಂಡಿನಿಂದ ತಟ್ಟೆಯಲ್ಲಿ ಉಳಿದ ಸಾಸನ್ನು ಒರೆಸಿ ಒರೆಸಿ ತಿನ್ನುತ್ತಿದ್ದರು. ಬಿಗುಮಾನದ ಊಟದಲ್ಲಿ ಹಾಗೆ ಮಾಡುವುದು ಸಲ್ಲದು. ಅವರಿಗೆ ಮೂಲೆಯ ಮೇಜನ್ನೋ ಬಾಗಿಲ ಬಳಿಯ ಮೇಜನ್ನೋ ಕೊಟ್ಟಿರಲಿಲ್ಲ, ಬೆಂಚಿನ ನಟ್ಟನಡುವೆಯೇ ಕೂರಿಸಿದ್ದರು. 1896ರಲ್ಲಿ ಶುರುವಾಗಿ ಇಂದಿಗೂ ನಡೆಯುತ್ತಿರುವ ಬೂಯೊಂ ಶಾರ್ತಿಯೆ ಎಂಬ ಅಗ್ಗದ ಊಟದ ಮನೆಯಲ್ಲಿ, ದಿನವೂ ಬರುವವರ ಕೈಬಟ್ಟೆಗಳನ್ನು ಇಡಲು ಅಂಕಿ ಬರೆದ ಮರದ ಖಾನೆಗಳಿದ್ದವು, ಈಗಲೂ ಗೋಡೆಯ ಮೇಲೆ ಕಾಣುತ್ತವೆ. ಒಬ್ಬಂಟಿಯಾಗಿ ಉಣ್ಣುವವರಿಗೆ ಊರಿನಲ್ಲೊಂದು ಖಾನೆ ಇರುವುದು ದೊಡ್ಡ ವಿಷಯ. ಆ ಮಹಿಳೆಯನ್ನು ನೋಡುವಾಗ ನನಗೆ ಅದೇ ನೆನಪಾಯಿತು.

ನಮ್ಮ ಕಡೆಯಿಂದ ಅವರು ಬಯಸಿದ್ದು ಒಂದೇ: ಒಳಗೆ ಬರುವಾಗ ಬೊಂಸ್ವಾರ್, ಅಂದರೆ ಶುಭಸಂಜೆ, ಎಂದು ಮುಖ ನೋಡಿ ಹೇಳುವುದು. ಅದನ್ನು ಹೇಳದೆ ನೇರವಾಗಿ ಮೇಜು ಕೇಳಿದ ಜೋಡಿಯೊಂದರ ಮುಂದೆ ಅವರು ತಾವೇ ನಿಧಾನವಾಗಿ ಬೊಂಸ್ವಾರ್ ಎಂದು ಹೇಳಿ, ಮರುನುಡಿ ಬರುವವರೆಗೆ ನಿಂತದ್ದನ್ನು ಕಂಡೆ. ಸಡಿಲವಾದ ಜಾಗವೆಂದರೆ ಮರ್ಯಾದೆಯೂ ಸಡಿಲವೆಂದಲ್ಲ.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. 'ಬಿಸ್ಟ್ರೊ' ಎಂಬ ಹಲಗೆ ತೂಗುಹಾಕಿ, ಹಳೆಯ ದೀಪ, ಕರಿಹಲಗೆ, ಮರದ ಕುರ್ಚಿ ತಂದಿಟ್ಟು, ಅಡುಗೆಯನ್ನು ಮಾತ್ರ ಕಾರ್ಖಾನೆಯಿಂದ ಪ್ಯಾಕೆಟ್ಟುಗಳಲ್ಲಿ ತರಿಸಿ ಬಿಸಿಮಾಡಿ ಕೊಡುವ ಜಾಗಗಳು ಫ್ರಾನ್ಸಿನಲ್ಲಿಯೇ ಬೇಕಾದಷ್ಟಿವೆ. ಅದು ಎಷ್ಟಾಯಿತೆಂದರೆ, ಹಸಿ ಸಾಮಗ್ರಿಯಿಂದ ಅಲ್ಲಿಯೇ ಮಾಡಿದ ತಿನಿಸಿಗೆ 'ಫೆ ಮೇಜೊಂ', ಅಂದರೆ ಮನೆಯಲ್ಲೇ ಮಾಡಿದ್ದು, ಎಂಬ ಗುರುತು ಹಾಕಲು 2014ರಲ್ಲಿ ಸರ್ಕಾರವೇ ನಿಯಮ ತರಬೇಕಾಯಿತು. ಪಾತ್ರೆಯ ಮೇಲೆ ಮನೆಯ ಸೂರಿನ ಚಿತ್ರ ಅದರ ಚಿಹ್ನೆ. ಎರಡು ದಿನದ ಹಿಂದೆ ನಾವು ಅಂಥದ್ದೇ ಒಂದು ಜಾಗದಲ್ಲಿ ಮೋಸ ಹೋಗಿದ್ದೆವು. ಅಂಚು ಸುಡುವ, ನಡುವೆ ತಣ್ಣಗಿರುವ ಗ್ರಾತಾಂ, ಮೈಕ್ರೊವೇವಿನ ಸಹಿ. ಅಲ್ಲಿಯೂ ಕುರ್ಚಿಗಳು ಇದೇ ಬಗೆಯವು, ಅಲ್ಲಿಯೂ ಹಾಯಾದ ವಾತಾವರಣವೇ. ಆ ಹಾಯಿಯಲ್ಲಿ ನಮ್ಮ ಬಗ್ಗೆ ಯಾರಿಗೂ ಏನೂ ಅನಿಸಿರಲಿಲ್ಲ. ಅದೊಂದು ಬಗೆಯ ಉದಾಸೀನ, ಅದನ್ನು ಆರಾಮವೆಂದು ಕರೆಯಲು ನನಗೆ ಮನಸ್ಸಿಲ್ಲ.

ಸಿಹಿಗೆ ಈಲ್ ಫ್ಲೋತಾಂತ್, ಅಂದರೆ ತೇಲುವ ದ್ವೀಪ. ಸಕ್ಕರೆ ಹಾಕಿ ನೊರೆಬರಿಸಿದ ಮೊಟ್ಟೆಯ ಬಿಳಿಯ ಗುಡ್ಡೆ, ಸುತ್ತ ಹಳದಿ, ಹಾಲು, ವೆನಿಲ್ಲಾದ ತೆಳು ಕೆನೆ. ಆ ಕೆನೆಯನ್ನು 82ರಿಂದ 84 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಮಾತ್ರ ಕಾಯಿಸಬೇಕು. ಅದಕ್ಕೂ ಮೇಲೆ ಹೋದರೆ ಮೊಟ್ಟೆ ಒಡೆದು ಗಂಟುಗಂಟಾಗುತ್ತದೆ. ಚಮಚದ ಬೆನ್ನಿನ ಮೇಲೆ ಬೆರಳಿನಿಂದ ಗೆರೆ ಎಳೆದರೆ ಗೆರೆ ಹಾಗೆಯೇ ನಿಲ್ಲಬೇಕು, ಅದೇ ಹದ. ತಂಗಿ ನನ್ನ ಬಟ್ಟಲಿನಲ್ಲಿ ಅದನ್ನು ಮಾಡಿ ತೋರಿಸಿದಳು. ಗೆರೆ ನಿಂತಿತು. ಇಬ್ಬರೂ ಅದನ್ನೇ ನೋಡುತ್ತಾ ಕುಳಿತೆವು. ಅಮ್ಮ ತೀರಿಕೊಂಡ ಮೇಲೆ ನಾವಿಬ್ಬರೇ ಹೀಗೆ ಎದುರುಬದುರು ಕುಳಿತು ಉಂಡದ್ದು ಅದೇ ಮೊದಲು. ಆ ಕೊನೆಯ ಅರ್ಧ ಗಂಟೆಯಲ್ಲಿ, ಬಿಲ್ ಬರಲಿಲ್ಲವೆಂದು ನಾನು ಸಿಡಿಮಿಡಿಗೊಳ್ಳುವ ಮುನ್ನ, ಅವಳು ಕಳೆದ ನಾಲ್ಕು ವರ್ಷಗಳಲ್ಲಿ ಫೋನಿನಲ್ಲಿ ಹೇಳದ ಎಷ್ಟನ್ನೋ ಹೇಳಿದ್ದಳು. ಅವಸರದ ಮೇಜಿನಲ್ಲಿ ಆ ಮಾತುಗಳು ಹೊರಬರುತ್ತಿರಲಿಲ್ಲ.

ಕೊನೆಗೆ ಅವಳೇ "ಲಾದಿಸಿಯೊಂ, ಸಿಲ್ ವು ಪ್ಲೆ" ಎಂದಳು. ಎರಡು ನಿಮಿಷದಲ್ಲಿ ಪುಟ್ಟ ತಟ್ಟೆಯಲ್ಲಿ ಮಡಿಸಿಟ್ಟ ಚೀಟಿ ಬಂತು. ಮೂರು ಹಂತದ ಊಟಕ್ಕೆ ತಲೆಗೆ 42 ಯೂರೊ, ಮೇಲೆ ಎರಡು ಕಾಫಿ, ಅವಳ ಒಂದು ಲೋಟ ವೈನ್. ನನಗೆ ಅದು ಸಣ್ಣ ಮೊತ್ತವಲ್ಲ, ವರ್ಷಕ್ಕೊಮ್ಮೆ ಮಾಡಬಹುದಾದ ಖರ್ಚು. ಆದರೆ ಬಾಗಿಲಲ್ಲಿ ಬರೆದಿದ್ದ ಬೆಲೆಯೇ ಚೀಟಿಯಲ್ಲೂ ಇತ್ತು. ತೆರಿಗೆಯೂ ಬಡಿಸಿದ ಕೂಲಿಯೂ ಅದರೊಳಗೇ ಸೇರಿರಬೇಕೆಂಬುದು ಅಲ್ಲಿನ ನಿಯಮ. ಮೇಲಿಷ್ಟು ನಾಣ್ಯ ಬಿಡುವುದು ಮನಸ್ಸಿಗೆ ಬಿಟ್ಟದ್ದು. ನಾವು ಬಿಟ್ಟೆವು.

ಎಂಟು ದಿನಗಳ ನಂತರ, ಹೊರಡುವ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅದೇ ರಸ್ತೆಯಲ್ಲಿ ನಡೆದೆವು. ಬಾಗಿಲು ಮುಚ್ಚಿತ್ತು, ಗಾಜಿನಾಚೆ ದೀಪ ಉರಿಯುತ್ತಿತ್ತು. ಬೆಂಚಿನ ಬಳಿಯ ಎರಡು ಮೇಜುಗಳನ್ನು ಕೂಡಿಸಿಕೊಂಡು ಅಡುಗೆಯ ಮೂವರೂ ಬಡಿಸುವ ಇಬ್ಬರೂ ಕುಳಿತು ಉಣ್ಣುತ್ತಿದ್ದರು. ನಡುವೆ ಒಂದು ದೊಡ್ಡ ಪಾತ್ರೆ, ಒಂದು ಉದ್ದ ಬ್ರೆಡ್. ಉಂಡವರಲ್ಲಿ ಒಬ್ಬರು ಎದ್ದು, ಒದ್ದೆ ಬಟ್ಟೆಯಿಂದ ಕರಿಹಲಗೆಯ ಮೇಲಿದ್ದ ಲೀಕ್ ಸಾಲನ್ನು ಒರೆಸಿದರು. ಹಲಗೆ ಒಣಗಲೆಂದು ಊದಿದರು. ಆಮೇಲೆ ಅದೇ ಜಾಗದಲ್ಲಿ, ಅಕ್ಷರಗಳು ಒಂದೇ ಎತ್ತರ ಬರುವಂತೆ ತಲೆಯನ್ನು ಓರೆಮಾಡಿ ನೋಡಿಕೊಳ್ಳುತ್ತಾ, ಆ ವರ್ಷದ ಮೊದಲ ಬಿಳಿ ಆಸ್ಪರಾಗಸ್ಸಿನ ಹೆಸರನ್ನು ಬರೆಯತೊಡಗಿದರು.